ನವಾಬನನ್ನು ನೋಡಬಾರದು

ದಾವಣಗೆರೆಯ ಹತ್ತಿ ವ್ಯಾಪಾರಿ ಮುರುಗೇಶಪ್ಪನ ಹಿತ್ತಲಿನಿಂದ ಬಚ್ಚಲ ಹಂಡೆ ಕಳುವಾದದ್ದು ೧೯೫೮ರ ದೀಪಾವಳಿಯ ಮರುದಿನ. ನೀರು ಕಾಯಿಸಲು ಹೋದ ಹೆಂಡತಿ ನಿರ್ಮಲಮ್ಮನಿಗೆ ಒಲೆ ಮಾತ್ರ ಕಂಡಿತು. ತಣ್ಣೀರಲ್ಲೇ ಮಿಂದು ನಡುಗುತ್ತ ಬಂದವಳು, "ಒಂದು ನಾಯಿ ತರ್ರಿ. ನೋಡಿದ ಕೂಡ್ಲೆ ಕಳ್ಳನ ಎದಿ ಒಡೀಬೇಕು, ಅಂಥಾದ್ದು" ಎಂದಳು.

ಹರಿಹರದಲ್ಲಿ ಹೊಳೆಯ ಹತ್ತಿರ ಮಾಬೂಬೀ ಎಂಬಾಕೆ, ಯಾರಿಗೂ ಬೇಡವಾದ ಪ್ರಾಣಿಗಳನ್ನೆಲ್ಲ ತಂದು ಸಾಕುತ್ತಿದ್ದಳು. ಗಂಡ ಹಿದಾಯತ್ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಭಾನುವಾರ ಮುರುಗೇಶಪ್ಪ ರೈಲು ಹತ್ತಿ ಅವರ ಮನೆಗೆ ಹೋದ. ತಗಡಿನ ಚಪ್ಪರದ ಕೆಳಗೆ ಒಂದು ಕುಂಟು ಜಟಕಾ ಕುದುರೆ, ಒಂದು ಕುರುಡು ಮೇಕೆ, ಮೂಲೆಯಲ್ಲಿ ಒಂದು ಹಿಟ್ಟಿನ ಡಬ್ಬಿ. ಡಬ್ಬಿಯ ಹಿಂದೆ ತಲೆ ಅಡಗಿಸಿಕೊಂಡು ಒಂದು ನಾಯಿ ನಿಂತಿತ್ತು. ತಲೆಯೊಂದನ್ನು ಬಿಟ್ಟು ಉಳಿದ ನಾಯಿಯೆಲ್ಲ ಹೋರಿಗರುವಿನಂತೆ ಬಯಲಲ್ಲೇ ಇತ್ತು.

"ಅಬ್ಬಬ್ಬ, ಎಷ್ಟು ದೊಡ್ಡದೈತೆ!" ಎಂದ ಮುರುಗೇಶಪ್ಪ.

ಮಾಬೂಬೀ ಥಟ್ಟನೆ ಅವನ ಮುಖಕ್ಕೆ ಸೆರಗು ಅಡ್ಡ ಹಿಡಿದಳು. "ನೋಡಬ್ಯಾಡ್ರಿ! ನವಾಬ ಬಚ್ಚಿಟ್ಕೊಂಡಾನ. ಕಂಡ್ರೂ ಕಂಡಿಲ್ಲ ಅನ್ನಂಗ ಇರ್ರಿ, ಪಾಪ."

ಊರು ತೊರೆದ ಗಿರಣಿಯ ಬಿಳಿ ಸಾಹೇಬನೊಬ್ಬ ಬಿಟ್ಟುಹೋದ ವಿಲಾಯಿತಿ ತಳಿ ಅದು. ಇನ್ನೂ ಹತ್ತು ತಿಂಗಳ ಮರಿ.

"ಕಚ್ಚತೈತೇನ್ರಿ?" ಮುರುಗೇಶಪ್ಪ ಗೋಡೆಗೆ ಮುಖ ಮಾಡಿ ಕೇಳಿದ.

"ರೊಟ್ಟಿ ಕಚ್ತಾನ. ಖಡಕ್ ಇದ್ರೆ ಅದಕ್ಕೂ ಹೆದರ್ತಾನ."

ಎದ್ದು ಬರಬೇಕಾಗಿತ್ತು. ಆದರೆ ಮುಂದಿನ ಭಾನುವಾರವೂ ಅವನು ಹೋದ, ಅದರ ಮುಂದಿನದಕ್ಕೂ ಹೋದ. ಮಾಬೂಬೀ ಹೇಳಿದಂತೆ ನಾಯಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ತಾನು ಯಾರನ್ನೂ ಕಾಣಲು ಬಂದಿಲ್ಲವೆಂಬಂತೆ ಹತ್ತಿಯ ಧಾರಣೆಯ ಬಗ್ಗೆ ಗೋಡೆಗೆ ಹೇಳಿದ. ನಾಲ್ಕನೆಯ ಭಾನುವಾರ ಬಗಲಿನಡಿಯಿಂದ ತಣ್ಣನೆಯ ಮೂಗೊಂದು ತೂರಿ ಬಂದು, ಇಡೀ ತಲೆಯ ಭಾರ ಅವನ ತೊಡೆಯ ಮೇಲೆ ಬಿತ್ತು. ಆವತ್ತು ಮುರುಗೇಶಪ್ಪ ಎರಡು ರೈಲು ತಪ್ಪಿಸಿಕೊಂಡ. ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ಕೊನೆಗೆ ತನ್ನದೇ ಹತ್ತಿಗಾಡಿಯಲ್ಲಿ ನವಾಬನನ್ನು ದಾವಣಗೆರೆಗೆ ತಂದ. ದಾರಿಯುದ್ದಕ್ಕೂ ನಾಯಿ ಹತ್ತಿಯೊಳಗೆ ತಲೆ ಹೂತುಕೊಂಡಿತ್ತು.

ಮನೆಯಲ್ಲಿ ಹೊಸ ಶಿಸ್ತು ಶುರುವಾಯಿತು. ಜೋಳದ ಚೀಲಗಳ ಸಂದಿಯಲ್ಲಿ ನವಾಬ ತಲೆ ಇಟ್ಟರೆ ಅವನು ಮನೆಯಲ್ಲಿಲ್ಲ ಎಂದೇ ಲೆಕ್ಕ. ಬಂದ ಬೀಗರು ಅವನ ಬಾಲ ದಾಟಿಕೊಂಡು ಹೋಗಿ, "ನಾಯಿ ತಂದೀರಂತೆ, ಎಲ್ಲೈತ್ರಿ?" ಎಂದು ಕೇಳಬೇಕು. "ಎಲ್ಲೋ ಹೋಗೈತೆ" ಎಂದು ನಿರ್ಮಲಮ್ಮ ನಿಟ್ಟುಸಿರು ಬಿಡಬೇಕು. ಇಷ್ಟಾದರೂ ಎರಡು ತಿಂಗಳಲ್ಲಿ ಅವನು ಒಮ್ಮೆಯೂ ಹೊಸ್ತಿಲು ದಾಟಿ ಬೀದಿಗಿಳಿಯಲಿಲ್ಲ.

ಮಾಘದಲ್ಲಿ ಮನೆಮಂದಿಯೆಲ್ಲ ಭಾನುವಳ್ಳಿಯ ಮದುವೆಗೆ ಹೊರಟರು. ಉಡುಗೊರೆಯ ಸೀರೆ ಮರೆತು ಬಂದದ್ದು ಬಸ್ ನಿಲ್ದಾಣದಲ್ಲಿ ಗೊತ್ತಾಗಿ, ಉಳಿದವರನ್ನು ಬಸ್ ಹತ್ತಿಸಿ ಮುರುಗೇಶಪ್ಪನೊಬ್ಬನೇ ತಿರುಗಿ ಬಂದ. ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ ಬಂದು ನೋಡಿದರೆ ಜೋಳದ ಚೀಲಗಳ ಸಂದಿಯಿಂದ ಎರಡು ಹಿಂಭಾಗ ಹೊರಗೆ ಕಾಣುತ್ತಿದ್ದವು. ಒಂದು ನವಾಬನದು. ಇನ್ನೊಂದು ಪಟ್ಟೆ ಪಟ್ಟೆಯ ಚಡ್ಡಿ ತೊಟ್ಟಿತ್ತು. ಕಳ್ಳ ನಾಯಿಯನ್ನು ಕಂಡು, ನಾಯಿ ಕಳ್ಳನನ್ನು ಕಂಡು ಒಂದೇ ಸಂದಿಗೆ ನುಗ್ಗಿದ್ದವು. ಎರಡೂ ಗಡಗಡ ನಡುಗುತ್ತಿದ್ದವು.

ಕೂಗಬೇಕಾಗಿತ್ತು. ಆದರೆ ಮುರುಗೇಶಪ್ಪ ರೂಢಿಯಂತೆ ಗೋಡೆಗೆ ತಿರುಗಿ, "ಇಲ್ಲಿ ಯಾರೂ ಕಾಣವಲ್ರು" ಎಂದುಬಿಟ್ಟ.

ಅಷ್ಟೇ ಸಾಕೆಂದು ಕಳ್ಳ ಹಿತ್ತಲಿಂದ ಓಟ ಕಿತ್ತ. ಅವನ ಹಿಂದೆ ನವಾಬನೂ ಹೊರಟ! ಹುಟ್ಟಿದಾಗಿನಿಂದ ತನ್ನ ಜೊತೆ ಅಡಗಿ ಕೂತವನು ಇವನೊಬ್ಬನೇ, ಬಿಡುವುದುಂಟೆ? ಬಾಲ ಬೀಸುತ್ತ ಬೆನ್ನು ಹತ್ತಿದ. ಮಂಡಿಪೇಟೆಯ ಜನ ಅಂಗಡಿಯ ಕಟ್ಟೆ ಹತ್ತಿದರು. ಕಳ್ಳ ಓಡಿ ಓಡಿ ಪೊಲೀಸ್ ಠಾಣೆಗೇ ನುಗ್ಗಿ, "ನಾನು ಕಳ್ಳ ಅದೀನ್ರಿ, ಬೇಗ ಒಳಗ ಹಾಕ್ರಿ!" ಎಂದು ಚೀರಿದ.

ಮುರುಗೇಶಪ್ಪ ಏದುಸಿರು ಬಿಡುತ್ತ ಠಾಣೆ ಮುಟ್ಟಿದಾಗ ದಫೇದಾರರು ಮೇಜಿನ ಮೇಲೆ ನಿಂತಿದ್ದರು. ಲಾಕಪ್ಪಿನಲ್ಲಿ ಕರಿಬಸವರಾಜನೆಂಬ ಆ ಕಳ್ಳ ಗೋಡೆಗೊರಗಿ ಕೂತಿದ್ದ. ಗೋಡೆಗೂ ಅವನ ಬೆನ್ನಿಗೂ ನಡುವೆ ನವಾಬ ತಲೆ ತುರುಕಿದ್ದ.

"ಏನು ಕದ್ದಾನ್ರಿ?" ದಫೇದಾರರು ಮೇಲಿಂದಲೇ ಕೇಳಿದರು.

"ಏನೂ ಇಲ್ರಿ. ನಾಯಿ ಕೊಡ್ರಿ, ಹೋಗ್ತೀನಿ."

ನಾಯಿ ಏಳಲಿಲ್ಲ. ಕರಿಬಸವರಾಜ ಎದ್ದರೆ ಏಳುತ್ತಿತ್ತು, ಕೂತರೆ ಕೂರುತ್ತಿತ್ತು. ಅರ್ಧ ಗಂಟೆ ನೋಡಿದ ದಫೇದಾರರು ಕೈ ಮುಗಿದರು. "ಮೂರೂ ಮಂದಿ ಹೋಗ್ರಿ. ನಾನು ಕೆಳಗಿಳೀಬೇಕು."

ಸಂಜೆ ಮದುವೆಯಿಂದ ಮರಳಿದ ನಿರ್ಮಲಮ್ಮ, ಪಡಸಾಲೆಯಲ್ಲಿ ಮುದುಡಿ ನಿಂತ ಅಪರಿಚಿತನನ್ನೂ ಅವನ ಕಾಲಿಗೊರಗಿ ಕೂತ ನವಾಬನನ್ನೂ ನೋಡಿ ಗಂಡನ ಕಡೆ ತಿರುಗಿದಳು. "ಯಾರ್ರಿ ಇವರು?"

ಮುರುಗೇಶಪ್ಪ ಗೋಡೆಗೆ ತಿರುಗಿದ. "ನಾಯಿ ಕಡೆಯವರು" ಎಂದ.

"ಮತ್ತೆ ಯಾಕ ನಿಂದ್ರಿಸೀರಿ?" ನಿರ್ಮಲಮ್ಮ ಚಾಪೆ ಹಾಸಿದಳು. "ಕೂಡ್ರಿ, ಕೂಡ್ರಿ. ಮಂಡಕ್ಕಿ ಒಗ್ಗರಣಿ ಹಾಕ್ತೀನಿ."