ಸ್ಕ್ರೂ ಮೇಲಿನ ಬೊಟ್ಟು

ಕಡುಗೆಂಪು ಬೊಟ್ಟು, ಒಂದು ಕಡೆಗೆ ಸಣ್ಣ ಬಾಲ ಎಳೆದುಕೊಂಡದ್ದು, ರಕ್ತವೇನೋ, ಗುಜರಿಯವನ ಬೆರಳಿಗೆ ತಗಡು ತಾಗಿರಬೇಕು — ಕಣ್ಣು ಅದನ್ನು ದಾಟಿ ಸ್ಕೋಪಿನ ಮೇಲೆ ಹೋಗಿ ಕೂತಿತು, ಬೆಳಿಗ್ಗೆ ಮುಖಕ್ಕೆ ನೀರು ಹಾಕಿಕೊಂಡವನೇ ಅವನು ಓಡಿ ಬಂದದ್ದು ಅದಕ್ಕೇ ತಾನೇ, ವಿದ್ಯುತ್ತು ಹೇಗೆ ಕುಣಿಯುತ್ತದೆಂದು ಹಸಿರು ಗೆರೆಯಲ್ಲಿ ಬರೆದು ತೋರಿಸುವ ಆ ಭಾರದ ಪೆಟ್ಟಿಗೆಗೆ, ಗೆಳೆಯ ಆಂಟೆನಾನ ಸ್ಕೋಪು, ಆಂಟೆನಾನ ಸಿಗ್ನಲ್ ಜನರೇಟರ್, ಆಂಟೆನಾನ ಡಬ್ಬಿಗಟ್ಟಲೆ ವಾಲ್ವುಗಳು, ಎಲ್ಲ ಟಾರ್ಪಾಲಿನ ಮೇಲೆ ದಿಕ್ಕಾಪಾಲಾಗಿ ಬಿದ್ದಿವೆ, ಮನುಷ್ಯ ಸತ್ತು ಇನ್ನೂ ತಿಂಗಳಾಗಿಲ್ಲ, ಮಗ ಇಡೀ ಕೋಣೆಯನ್ನು ಗುಡಿಸಿ ತೂಕಕ್ಕೆ ಹಾಕಿದ್ದಾನೆ. ಅಯ್ಯೋ ಪಾಪ ಅನ್ನಬೇಕಿತ್ತು, ಅನ್ನಲಿಲ್ಲ, ನಾಚಿಕೆಗೆಟ್ಟ ಕಾಲು, ಪ್ರತಿ ಭಾನುವಾರ ಇಬ್ಬರೂ ಜೊತೆಯಾಗಿ ಬರುತ್ತಿದ್ದ ಈ ಹಳೇ ಸಾಮಾನಿನ ಸಂತೆಗೆ ಇವತ್ತು ಒಬ್ಬನೇ ಬರುವಾಗ ಭಾರವಾಗಬೇಕಿದ್ದ ಕಾಲು, ಬೇರೆ ಯಾರಾದರೂ ಮೊದಲು ಮುಟ್ಟಿಬಿಟ್ಟಾರೆಂದು ಓಡಿತ್ತು, ಯಾಕೆಂದರೆ ಸಂತೆಯ ನಿಯಮ ಒಂದೇ, ಮುಟ್ಟಿದವನದು, ಮೊದಲು ಕೈಯಿಟ್ಟವನಿಗೆ ಚೌಕಾಸಿಯ ಹಕ್ಕು, ಉಳಿದವರು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯಬೇಕು. ಆ ನಿಯಮದಲ್ಲಿ ಇಷ್ಟು ವರ್ಷವೂ ಗೆದ್ದವನು ಆಂಟೆನಾನೇ, ಕೈ ಉದ್ದ, ಕಾಲು ಉದ್ದ, ಕಿವಿ ಅದಕ್ಕಿಂತ ಉದ್ದ, ಯಾವ ಕಾರ್ಖಾನೆ ಬಾಗಿಲು ಹಾಕಿತು, ಯಾವ ಕಾಲೇಜಿನ ಲ್ಯಾಬು ಹರಾಜಿಗೆ ಬಂತು, ಎಲ್ಲವನ್ನೂ ಗಾಳಿಯಲ್ಲೇ ಹಿಡಿಯುತ್ತಿದ್ದ, ಅದಕ್ಕೇ ಆ ಹೆಸರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ರಿಪೇರಿಗೆ ಕೂರುತ್ತಿದ್ದ ಕಾಲದಲ್ಲಿ ಬಿದ್ದದ್ದು, ಇಟ್ಟವನು ಇವನೇ. ಈಗ ಆ ಉದ್ದದ ಕೈ ಇಲ್ಲ, ಈ ಸಲ ಸ್ಕೋಪು ನನ್ನದು ಕಣೋ, ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದ, ಸಂತೋಷದಿಂದಲೇ ಹೇಳಿದ.

ಬಗ್ಗಿ ಸ್ಕೋಪಿನ ಬೆನ್ನಿಗೆ ಮೂಗು ಹಚ್ಚಿದ — ಹಳೇ ಉಪಕರಣ ಕೊಳ್ಳುವವನಿಗೆ ಕಣ್ಣಿಗಿಂತ ಮೂಗು ಮುಖ್ಯ, ಒಳಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಎಷ್ಟು ವರ್ಷ ಕಳೆದರೂ ವಾಸನೆ ಚಾಡಿ ಹೇಳುತ್ತದೆ — ಇಲ್ಲ, ಬರೀ ಧೂಳು, ಕಾದು ಆರಿ ಕಾದು ಆರಿ ಹದಗೊಂಡ ಧೂಳಿನ ವಾಸನೆ, ಇದನ್ನು ಶೀಶೆಯಲ್ಲಿ ತುಂಬಿ ಮಾರಿದರೂ ಕೊಳ್ಳುವವನು ಅವನು, ಗುಂಡಿ ತಿರುಗಿಸಿದ, ಕಟ್, ಕಟ್, ಕಟ್, ಗುಂಡಿ ನಿಲ್ಲುವ ಒಂದೊಂದು ಮನೆಯೂ ಗಟ್ಟಿ, ಈಗಿನ ಪ್ಲಾಸ್ಟಿಕ್ ಗುಂಡಿಗಳ ಹಾಗೆ ಜೊಳ್ಳಲ್ಲ, ಮನೆಗೆ ಒಯ್ದು ಸ್ವಿಚ್ ಹಾಕಿದರೆ ಮೊದಲು ಏನೂ ಇರುವುದಿಲ್ಲ, ಆಮೇಲೆ ಕತ್ತಲಿನೊಳಗಿಂದ ನಿಧಾನವಾಗಿ ಹಸಿರು ಗೆರೆ ಮೂಡುತ್ತದೆ, ಆ ಗಳಿಗೆಯಲ್ಲಿ ಮನುಷ್ಯನಿಗೆ ವಯಸ್ಸಾಗಿರುವುದಿಲ್ಲ, ಹೆಂಡತಿ ಮಾತು ಕಡಿಮೆ ಮಾಡಿರುವುದಿಲ್ಲ — ಕುತ್ತಿಗೆ ಓರೆ ಮಾಡಿ ಕೆಳಗಿನ ಚೀಟಿ ಓದಲು ಹೋದ, ಮೂಗಿನ ನೇರಕ್ಕೇ ಮತ್ತೆ ಆ ಬೊಟ್ಟು. ರಕ್ತವಲ್ಲ. ರಕ್ತ ಒಣಗಿದರೆ ಕಪ್ಪಾಗುತ್ತದೆ, ಇದು ಹೊಳೆಯುತ್ತಿದೆ, ಬೋರಲು ಬಿದ್ದ, ವಿದ್ಯುತ್ತು ಅಳೆಯುವ ಕರೀ ಮೀಟರೊಂದರ ಬೆನ್ನಿನ ಮೇಲೆ, ಮೂಲೆಯ ಸ್ಕ್ರೂ ಮೇಲೆ, ನೇಲ್ ಪಾಲಿಶ್, ಬಾಲವಿರುವ ಬೊಟ್ಟು, ಬಾಲ ಎಡಕ್ಕೆ, ಎಡಕ್ಕೇ ಇರಬೇಕು, ಎಡಕ್ಕೇ ಇದೆ, ಯಾಕೆಂದರೆ ಅವಳ ಮೊಣಕೈ ಅಲುಗಿದ್ದು ಎಡಕ್ಕೆ.

ಕಿಟಕಿಯ ಹತ್ತಿರ ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಳೆ, ಮದುವೆಯಾದ ವರ್ಷ, ಮನೆಯಲ್ಲಿ ಸಾಮಾನು ಕಡಿಮೆ ನಗು ಜಾಸ್ತಿ, ಅವನು ಇದೇ ಸಂತೆಯಿಂದ ತಂದ ಮೊದಲ ಮೀಟರು, ಸತ್ತೇ ಹೋಗಿದ್ದದ್ದನ್ನು ಬಿಚ್ಚಿ, ತೊಳೆದು, ಸುರುಳಿ ಬದಲಿಸಿ, ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಸೊನ್ನೆಗೆ ತಂದು ಮುಚ್ಚಿದ್ದಾನೆ, ಒಂದು ತೊಟ್ಟು ಕೊಡೇ ಅಂದ, ಯಾಕೆ, ನೀವೂ ಹಚ್ಕೋತೀರಾ, ಅಂದಳು, ಅಲ್ವೇ, ಸ್ಕ್ರೂ ಮೇಲೆ ಒಂದು ಬೊಟ್ಟು ಇಡ್ಬೇಕು, ಕೆಲಸ ಗೊತ್ತಿರೋರ ಪದ್ಧತಿ, ಯಾರಾದ್ರೂ ಬಿಚ್ಚಿದ್ರೆ ಬೊಟ್ಟು ಒಡೆಯುತ್ತೆ, ನಮಗೆ ಗೊತ್ತಾಗುತ್ತೆ — ಇಲ್ಲಿ ಕೊಡಿ, ನಿಮ್ಮ ಕೈಗೆ ಕೊಟ್ರೆ ಬಾಟ್ಲಿನೇ ಖಾಲಿ ಮಾಡ್ತೀರಾ, ಎಂದು ತಾನೇ ಕುಂಚ ಹಿಡಿದಳು, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಆಗ ಅವನು ಏನೋ ಅಂದ, ಹೆಣ್ಣಿಗೆ ಶೃಂಗಾರ ಆಯ್ತು, ಇನ್ನು ಗಂಡು ಹುಡುಕ್ಬೇಕು ಅಂತ ಏನೋ, ಅವಳು ಕಿಸಕ್ಕನೆ ನಕ್ಕಳು, ಮೊಣಕೈ ಅಲುಗಿತು, ಬೊಟ್ಟಿಗೆ ಬಾಲ ಬಂತು. ಥೂ, ನಿಮ್ಮಿಂದ ಹಾಳಾಯ್ತು. ಇರ್ಲಿ ಬಿಡೇ, ಕಳ್ಳ ಕದ್ರೆ ಗುರುತು ಹಿಡಿಯಕ್ಕೆ ಆಗುತ್ತೆ. ಅದೇ ಮಾತು ಅಂದಿದ್ದ, ಈಗ ನೆನೆದು ನಗಬೇಕು, ನಗು ಬರುವುದಿಲ್ಲ.

ಏನ್ ಸಾರ್, ಸ್ಕೋಪ್ ತಗೋತೀರೋ ಇಲ್ಲಾ ಸುಮ್ನೆ ಮೂಸಿ ನೋಡ್ತೀರೋ, ಗುಜರಿಯವನು ಕೇಳುತ್ತಿದ್ದಾನೆ, ಅಷ್ಟರಲ್ಲಿ ಇವನ ಕೈ ಸ್ಕೋಪನ್ನು ಬಿಟ್ಟು ಮೀಟರನ್ನು ಎತ್ತಿಕೊಂಡಿತ್ತು, ಮುಖ ಮೇಲೆ ಮಾಡಿದ, ಮುಳ್ಳಿನ ಕೆಳಗೆ ಆ ಸಣ್ಣ ಕನ್ನಡಿ ಪಟ್ಟಿ, ಮುಳ್ಳೂ ಅದರ ಬಿಂಬವೂ ಒಂದಾದಾಗ ಮಾತ್ರ ಓದಬೇಕು, ಓರೆಯಾಗಿ ನೋಡಿದವನಿಗೆ ಮೀಟರು ಸುಳ್ಳು ಹೇಳುತ್ತದೆ ಎಂದು ಎಷ್ಟು ಜನಕ್ಕೆ ಪಾಠ ಮಾಡಿಲ್ಲ, ಎರಡು ವಯರುಗಳ ತುದಿ ಮುಟ್ಟಿಸಿದ, ಮುಳ್ಳು ಸರಕ್ಕನೆ ಹಾರಿ ಸೊನ್ನೆಗೆ ಹೋಗಿ ನಿಂತಿತು, ನಡುಗಲೂ ಇಲ್ಲ. ಪಕ್ಕದ ಪುಟ್ಟ ಮುಚ್ಚಳದೊಳಗಿನ ಬ್ಯಾಟರಿ ಹೊಸದು. ಅಂದರೆ ಆಂಟೆನಾ ಸಾಯುವವರೆಗೂ ಬಳಸಿದ್ದಾನೆ, ಕಳ್ಳ ನನ್ಮಗ, ಸಾಯುವವರೆಗೂ. ಒಂದು ವಾರಕ್ಕೆ ಕೊಡೋ ಅಂತ ಒಯ್ದವನು, ಕೇಳಿದಾಗ, ಅಯ್ಯೋ, ಹೋದ ವಾರನೇ ತಂದು ಕೊಟ್ನಲ್ಲೋ, ನೀನು ಮನೇಲಿರ್ಲಿಲ್ಲ, ಅತ್ತಿಗೆ ಕೈಗೇ ಕೊಟ್ಟೆ, ಕೇಳು ಬೇಕಾದ್ರೆ, ಅಂದವನು, ಕಣ್ಣು ಕೂಡ ಮಿಟುಕಿಸಲಿಲ್ಲ, ಅತ್ತಿಗೆ ಅಂತ ಬಾಯಿ ತುಂಬ ಕರೆಯುತ್ತಿದ್ದ, ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ, ಆದರೆ ಕಥೆಯಲ್ಲಿ ಮೇಕೆಯನ್ನು ಹೊಡೆದವನ ಬಗ್ಗೆ ಯಾರೂ ಮಾತಾಡುವುದಿಲ್ಲ, ಅವನಿಗೆ ಕಣ್ಣಿರಲಿಲ್ಲವೇ, ಮೂಗಿರಲಿಲ್ಲವೇ, ಮೇಕೆ ಎಂದಾದರೂ ಕುಂಡೆ ಎತ್ತಿ ನೆಲುವಿಗೆ ಹಾರಿದ್ದನ್ನು ಕಂಡಿದ್ದನೇ. ಯಾರೂ ಬಂದಿಲ್ಲ ರೀ, ಅಂದಿದ್ದಳು ಅವಳು, ನನ್ನ ಕೈಗೆ ಯಾರೂ ಏನೂ ಕೊಟ್ಟಿಲ್ಲ. ಹಾಗಾದ್ರೆ ಅದಕ್ಕೆ ಕಾಲು ಬಂದು ನಡ್ಕೊಂಡು ಹೋಯ್ತಾ, ಹಳೇ ಪೇಪರ್ ಜೊತೆ ಗುಜರಿಗೆ ಹಾಕಿರ್ತೀಯ, ಒಪ್ಕೋ, ಬೈಯಲ್ಲ. ಹಾಕಿಲ್ಲ ರೀ. ಆಂಟೆನಾ ಸುಳ್ಳು ಹೇಳ್ತಾನಾ, ಒಂದೇ ತಟ್ಟೇಲಿ ಉಂಡವನು. ಅವರು ಹೇಳಲ್ಲ, ನಾನು ಹೇಳ್ತೀನಿ, ಅಲ್ವಾ? ಆಗಲಾದರೂ ಸುಮ್ಮನಾಗಬೇಕಿತ್ತು, ಆಗಲಿಲ್ಲ, ಬೀರು ತೆರೆದ, ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ಕೊಡವಿ ಮಂಚದ ಮೇಲೆ ಎಸೆದ, ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಪರರ ಮನೆಯಲ್ಲಿ ನಿಂತ ಹಾಗೆ, ಕೊನೆಗೆ ತಳದಲ್ಲಿ ಸಿಕ್ಕಿದ್ದು ನೇಲ್ ಪಾಲಿಶಿನ ಆ ಪುಟ್ಟ ಬಾಟಲಿ ಒಂದೇ.

ಕೊಡೋದು ಕೊಟ್ಟು ತಗೊಂಡ್ಹೋಗಿ ಸಾರ್, ಚೌಕಾಸಿ ಬೇಡ, ಅಂದ ಗುಜರಿಯವನು, ಚೌಕಾಸಿಗೆ ಹೆಸರಾದ ಅವನು ಕೇಳಿದ್ದನ್ನು ಕೊಟ್ಟ, ತನ್ನ ಮೀಟರನ್ನು ತಾನೇ ಕೊಂಡ, ಅಷ್ಟರಲ್ಲಿ ಬೋಳು ತಲೆಯ ಯಾರೋ ಸ್ಕೋಪಿನ ಮೇಲೆ ಕೈಯಿಟ್ಟಾಗಿತ್ತು, ಮುಟ್ಟಿದವನದು, ಇಟ್ಕೊಳ್ಳಲಿ. ಬಸ್ಸಿನಲ್ಲಿ ಮೀಟರು ತೊಡೆಯ ಮೇಲೆ, ಬೋರಲು, ಬೊಟ್ಟು ಮೇಲೆ, ಹೆಬ್ಬೆರಳಿನಿಂದ ಮುಚ್ಚಿಕೊಂಡರೆ ಬೆರಳಿನಡಿ ಉಬ್ಬಾಗಿ ತಾಗುತ್ತದೆ, ತೆಗೆದರೆ ಕಾಣುತ್ತದೆ. ಸತ್ತವನನ್ನು ಬೈದು ಏನು ಬಂತು, ಆದರೂ ಬೈದ, ನಿಲ್ದಾಣದಿಂದ ನಿಲ್ದಾಣಕ್ಕೆ ಬೈದ, ಹಾಳಾಗಿ ಹೋಗೋ, ಕೇಳಿದ್ರೆ ಕೊಟ್ಟೇಬಿಡ್ತಿದ್ನಲ್ಲೋ, ನಾಳೆ ಅವನ ಹೆಂಡತಿಗೆ ಹೋಗಿ ಹೇಳಿದರೆ ಹೇಗೆ, ಏನು ಹೇಳುವುದು, ನಿಮ್ಮ ಯಜಮಾನರು ಕಳ್ಳರು ಅಂತಲೇ. ಕದ್ದದ್ದು ಒಂದು ಸಲ, ಆಮೇಲೆ ಇಬ್ಬರೂ ಅದನ್ನೇ ಹಾಸ್ಯ ಮಾಡಿಕೊಂಡು ನಕ್ಕರಲ್ಲ, ಅದು ಎಷ್ಟು ಸಲ, ಬೆಂಚಿನ ಮೇಲೆ ಇಕ್ಕಳ ಕಾಣದಿದ್ದರೆ ಆಂಟೆನಾ ಅನ್ನುವುದು, ಅತ್ತಿಗೆ ಕೈಗೆ ಕೊಟ್ಟಿದೀನಿ ನೋಡು, ಇವನು ಹೊಟ್ಟೆ ಹಿಡಿದು ನಗುವುದು, ನಾಲ್ಕು ಜನ ನೆಂಟರ ಮುಂದೆ ಇವನೇ ಅದನ್ನು ಬಣ್ಣ ಕಟ್ಟಿ ಹೇಳಿದ್ದುಂಟು, ಕಾಫಿ ಲೋಟದ ತಟ್ಟೆ ಹಿಡಿದು ಅವಳು ಮಧ್ಯೆ ನಿಂತಿರುವಾಗಲೇ, ನಮ್ಮನೇಲಿ ಏನು ಕಳೆದ್ರೂ ಇವಳನ್ನ ಕೇಳ್ಬೇಕು ಎಂದು ಬೆರಳು ತೋರಿಸಿ, ಬೊಟ್ಟು ಮಾಡಿ, ಅವಳ ಕಡೆಗೇ ಬೊಟ್ಟು ಮಾಡಿ. ಅವಳು ಸಕ್ಕರೆ ಸಾಕಾ ಎಂದು ಕೇಳುತ್ತಿದ್ದಳು, ಅಷ್ಟೇ. ಉಗುರಿಗೆ ಬಣ್ಣ ಹಚ್ಚುವುದನ್ನು ಯಾವಾಗ ಬಿಟ್ಟಳು, ಬೀರು ಕೊಡವಿದ ದಿನವೇ ಇರಬೇಕು, ಅವನು ಗಮನಿಸಿದ್ದು ಎಷ್ಟೋ ವರ್ಷಗಳ ಮೇಲೆ, ಯಾಕೇ ಅಂದರೆ, ಕೆಲಸ ಮಾಡೋ ಕೈಗೆ ಯಾಕೆ ಅದೆಲ್ಲ, ಅಂದಿದ್ದಳು, ಅವನೂ ಹೌದೆಂದು ಸುಮ್ಮನಾದ, ಖರ್ಚು ಉಳಿಯಿತೆಂದು ಕೂಡ ಅನ್ನಿಸಿರಬೇಕು, ಥೂ.

ಹೇಳುವುದೋ ಬೇಡವೋ. ಮನೆಯಲ್ಲಿ ಥಿನ್ನರ್ ಇದೆ, ಹತ್ತಿಯಲ್ಲಿ ಅದ್ದಿ ಒಂದು ಸಲ ಒರೆಸಿದರೆ ಬೊಟ್ಟು ಹೋಗುತ್ತದೆ, ಆಮೇಲೆ ಇದು ಸಾವಿರ ಮೀಟರುಗಳಲ್ಲಿ ಒಂದು ಮೀಟರು, ಏನು ತಂದ್ರಿ ಎಂದು ಅವಳು ಕೇಳುವುದೂ ಇಲ್ಲ, ಭಾನುವಾರ ಅವನು ಹೊತ್ತು ತರುವ ಹಳೇ ಕಬ್ಬಿಣದ ಕಡೆಗೆ ಅವಳು ಕಣ್ಣೆತ್ತಿ ನೋಡುವುದನ್ನು ಬಿಟ್ಟು ಕಾಲವಾಗಿದೆ, ಹಳೇ ಗಾಯ, ಯಾಕೆ ಕೆರೆಯಬೇಕು, ಇಳಿವಯಸ್ಸಿಗೆ ಯಾಕೆ ಹೊಸ ರಾಮಾಯಣ — ಎಂಥ ಮಾತು, ನಿನ್ನ ಅನುಕೂಲಕ್ಕೆ ಎಷ್ಟು ಚೆನ್ನಾಗಿ ಮಾತು ಹೊಂದುತ್ತದೋ ನಿನಗೆ. ಹೇಳಬೇಕು. ನೀನು ಹೇಳಿದ್ದೇ ನಿಜ ಕಣೇ, ಅನ್ನಬೇಕು, ಅಥವಾ ಅಷ್ಟು ಬೇಡ, ನೋಡು ಏನು ಸಿಕ್ತು ಅನ್ನುವುದು, ಅವಳು ಗುರುತು ಹಿಡಿಯುತ್ತಾಳೆ, ಅಳುತ್ತಾಳೆ, ಅತ್ತರೆ ಅಳಲಿ, ಬೈದರೆ ಇನ್ನೂ ಒಳ್ಳೆಯದು, ನೋಡಿದ್ರಾ, ನಾನು ಆವತ್ತೇ ಹೇಳಿರ್ಲಿಲ್ವಾ, ಎಂದು ಕೂಗಾಡಲಿ, ಅವಳು ಕೂಗಾಡಿದರೆ ತಾನು ತಲೆತಗ್ಗಿಸಿ ಕೂರುತ್ತೇನೆ, ಆಮೇಲೆ ತಪ್ಪಾಯ್ತು ಅನ್ನುತ್ತೇನೆ, ಆಮೇಲೆ ಎಲ್ಲ ಸರಿಹೋಗುತ್ತದೆ, ಹೊಸ ಬಾಟಲಿ ಕೂಡ ತರಬಹುದು, ಇದೇ ಬಣ್ಣದ್ದು. ಬಸ್ಸು ಇಳಿಯುವ ಹೊತ್ತಿಗೆ ಅವನಿಗೆ ಸ್ವಲ್ಪ ಖುಷಿ ಕೂಡ ಆಗಿತ್ತು.

ಅವಳು ಅಡಿಗೆಮನೆಯ ಮೇಜಿನ ಮುಂದೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಾಳೆ, ಬಿಸಿಲು ಬೆರಳುಗಳ ಮೇಲೆ, ಉಗುರುಗಳು ಗಿಡ್ಡವಾಗಿ ಕತ್ತರಿಸಿದ್ದು, ಬಿಳಿಚಿಕೊಂಡದ್ದು, ಅವನು ಚೀಲದಿಂದ ಮೀಟರು ತೆಗೆದು ಅವಳ ಮುಂದೆ ಬೋರಲು ಇಟ್ಟ. ಅವಳು ನೋಡಿದಳು. ಓ, ಇದಾ, ಅಂದಳು, ಕೊನೆಗೂ ಬಂತಾ. ಎಲ್ಲಿತ್ತು ಗೊತ್ತಾ, ಅಂದ ಅವನು, ಆಂಟೆನಾನ ಸಾಮಾನಲ್ಲಿ ಕಣೇ, ಅವನೇ ಇಟ್ಕೊಂಡಿದ್ದ. ಗೊತ್ತು, ಅಂದಳು ಅವಳು, ಎಸಳಿನ ಸಿಪ್ಪೆ ಎಳೆಯುತ್ತ, ಅವರಿಗೆ ಮಗ ಹುಟ್ಟಿದಾಗ ನೋಡಕ್ಕೆ ಹೋಗಿದ್ವಲ್ಲ, ನೀವಿಬ್ರೂ ಮುಂದಿನ ಕೋಣೇಲಿ ರೇಡಿಯೋ ಬಿಚ್ಕೊಂಡು ಕೂತಿದ್ರಿ, ನಾನು ಮಗೂನ ಎತ್ಕೊಳ್ಳಕ್ಕೆ ಒಳಗೆ ಹೋದೆ, ಬಾಣಂತಿ ಕೋಣೇಲಿ ಗೂಡಿನ ಮೇಲಿತ್ತು, ಹೀಗೇ ಬೋರಲಾಗಿ, ಬೊಟ್ಟು ಕಾಣೋ ಹಾಗೆ. ಅವನಿಗೆ ಲೆಕ್ಕ ಸಿಗಲಿಲ್ಲ, ಆ ಮಗು ಬೆಳೆದು ಮೀಸೆ ಬಂದು ಅಪ್ಪನ ಕೋಣೆಯನ್ನು ತೂಕಕ್ಕೆ ಹಾಕಿದೆ, ಅಷ್ಟು ವರ್ಷ, ಅಷ್ಟೂ ಭಾನುವಾರ, ಅಷ್ಟೂ ಸಲದ ಆ ಹಾಸ್ಯ, ಅಷ್ಟೂ ಕಾಫಿ, ಇವಳು ತಿಳಿದೂ. ಯಾಕೆ ಹೇಳ್ಲಿಲ್ಲ, ಅಂದ, ಅಂದನೋ ಇಲ್ಲವೋ, ತುಟಿಯಾದರೂ ಅಲುಗಿರಬೇಕು. ಅವಳು ಕೈ ನಿಲ್ಲಿಸಿದಳು. ಹೇಳಿದ್ರೆ ನಂಬ್ತಿದ್ರಾ, ಅಂದಳು, ಜಗಳದ ದನಿಯಲ್ಲ, ಸಕ್ಕರೆ ಸಾಕಾ ಎಂದು ಕೇಳುತ್ತಿದ್ದ ದನಿ. ಆಮೇಲೆ ತೋರುಬೆರಳು ಚಾಚಿ ಆ ಬಾಲವನ್ನು ಒಮ್ಮೆ ಮುಟ್ಟಿದಳು, ಬರಿಯ ಉಗುರು, ಪಕ್ಕದಲ್ಲಿ ಬೊಟ್ಟು — ಆಕಡೆ ಇಡಿ, ಸಿಪ್ಪೆ ಒಳಗೆ ಹೋಗುತ್ತೆ, ಎಂದು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಅವನು ಎತ್ತಿಕೊಂಡ, ಎಲ್ಲಿಡುವುದು, ಈ ಮನೆಯಲ್ಲಿ ಇದನ್ನು ಎಲ್ಲಿಡುವುದು, ತಪ್ಪಾಯ್ತು ಅನ್ನಬೇಕಿತ್ತು, ಈಗ ಅನ್ನಬೇಕು, ಬೆಳಕಿಗೆ ಹಿಡಿದು ನೋಡಿದ, ಸ್ಕ್ರೂ ಮೇಲೆ ಬೊಟ್ಟು, ಎಡಕ್ಕೆ ಬಾಲ, ಅವಳು ನಕ್ಕದ್ದು, ಮೊಣಕೈ ಅಲುಗಿದ್ದು, ಇಷ್ಟು ವರ್ಷ ಕಳ್ಳನೂ ಬಿಚ್ಚಿ ನೋಡಿಲ್ಲ, ಒಂದು ಬಿರುಕಿಲ್ಲ, ಕಡುಗೆಂಪು, ಈಗಷ್ಟೇ ಇಟ್ಟ ಹಾಗೆ, ಬೊಟ್ಟು