ನಾಲ್ಕು ಅಂಗಡಿ, ಒಂದು ಸ್ಕ್ಯಾನರ್

2025ರ ಜುಲೈ 14, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಜಗಳೂರು ಬಸ್ ನಿಲ್ದಾಣದ ಎದುರು ಚೌಡಕ್ಕ ಎರಡನೇ ಸಲದ ಮಿರ್ಚಿ ಎಣ್ಣೆಗೆ ಬಿಡುತ್ತಿದ್ದಳು. ಅಂಚೆಯವನು ಲಕೋಟೆ ಹಿಡಿದು ನಿಂತ. ಅವಳ ಕೈಯೆಲ್ಲ ಕಡಲೆಹಿಟ್ಟು.

"ಮಂಡಕ್ಕಿ ಮೇಲಿಡಪ್ಪ."

"ಸಹಿ ಬೇಕಕ್ಕ."

ಸಹಿ ಹಾಕಿದಳು. ಹಿಟ್ಟಿನ ಹೆಬ್ಬೆಟ್ಟು ಜೊತೆಗೆ ಪುಕ್ಕಟೆ ಬಿತ್ತು.

ಪಕ್ಕದ ಟೀ ಗಾಡಿಯ ಓಬಳಪ್ಪ ಏಳನೇ ಕ್ಲಾಸು ಓದಿದವನು. ಆ ಸಾಲಿಗೆ ಅವನೇ ವಿದ್ವಾಂಸ. ಕಾಗದ ಬಿಡಿಸಿ ಓದಿದ.

"ಅಕ್ಕ, ಹೋದ ವರ್ಷ ನೀನು ನಲವತ್ತಮೂರು ಲಕ್ಷದ ವ್ಯಾಪಾರ ಮಾಡೀಯಂತೆ. ನಲವತ್ತು ದಾಟಿದ್ರೆ ಜಿಎಸ್‌ಟಿ ನಂಬರ್ ತಗೋಬೇಕಂತೆ. ಯಾಕೆ ತಗೊಂಡಿಲ್ಲ ಅಂತ ಕೇಳ್ಯಾರೆ."

"ಯಾರು?"

"ಸರ್ಕಾರ."

"ಅಷ್ಟು ದುಡ್ಡು ನನ್ನ ಹತ್ರ ಎಲ್ಲೈತೆ ಅಂತ ಅವರೇ ಬಂದು ತೋರಿಸ್ಲಿ. ಅರ್ಧ ಅವರೇ ತಗೊಂಡು ಹೋಗ್ಲಿ."

ದುಡ್ಡು ಇದ್ದದ್ದು ಹೀಗೆ. ಆ ಸಾಲಿನಲ್ಲಿ ನಾಲ್ಕು ಗಾಡಿ: ಚೌಡಕ್ಕನ ಮಿರ್ಚಿ, ಓಬಳಪ್ಪನ ಟೀ, ನಾಗರತ್ನಳ ಹೂವು, ಕೆಂಚೇಶನ ಬಾಳೆಹಣ್ಣು. ಸ್ಕ್ಯಾನರ್ ಮಾತ್ರ ಒಂದೇ, ಚೌಡಕ್ಕನದು. ಉಳಿದವರಿಗೆ ದೊಡ್ಡ ಫೋನೂ ಇರಲಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವ ಪುರುಸೊತ್ತೂ ಇರಲಿಲ್ಲ. ಗಿರಾಕಿ ಯಾರ ಹತ್ತಿರ ಕೊಂಡರೂ ಅವಳ ಸ್ಕ್ಯಾನರಿಗೇ ಹೊಡೆಯಬೇಕು. ಗೂಟಕ್ಕೆ ನೇತುಹಾಕಿದ ಪುಟ್ಟ ಡಬ್ಬಿ "ಹತ್ತು ರೂಪಾಯಿ ಬಂದಿದೆ" ಎಂದು ಕೂಗುತ್ತಿತ್ತು. ಕೂಡಲೇ ನಾಲ್ವರಲ್ಲಿ ಒಬ್ಬರು "ನಂದು" ಅನ್ನಬೇಕು. ಒಬ್ಬೊಬ್ಬರಿಗೂ ಒಂದೊಂದು ಡಬರಿ ಪಾತ್ರೆ; "ನಂದು" ಅಂದವರ ಡಬರಿಗೆ ಚೌಡಕ್ಕ ಹತ್ತು ರೂಪಾಯಿಗೊಂದು ಹುಣಸೆಬೀಜ ಹಾಕುತ್ತಿದ್ದಳು. ಸಂಜೆ ಬೀಜ ಎಣಿಸಿ ನಗದು ಕೊಡುತ್ತಿದ್ದಳು. ಐದು ವರ್ಷದಲ್ಲಿ ಜಗಳವಾಗಿದ್ದು ಒಮ್ಮೆ ಮಾತ್ರ. ಅವತ್ತು ಆಡು ಬೀಜ ತಿಂದಿತ್ತು.

ಗುರುವಾರ ಚೌಡಕ್ಕ ದಾವಣಗೆರೆಯ ತೆರಿಗೆ ಕಚೇರಿಗೆ ಹೋದಳು. ಅಲ್ಲಿನ ಮೇಡಂ ಪೂರ್ತಿ ಕೇಳಿಸಿಕೊಂಡರು, ನಡುವೆ ಒಮ್ಮೆ ನಕ್ಕರು ಕೂಡ.

"ನಾಲ್ಕು ಜನದ ದುಡ್ಡು ಅಂತ ನಾನು ನಂಬ್ತೀನಮ್ಮ. ಫೈಲು ನಂಬಬೇಕಲ್ಲ? ನಿಮ್ಮ ಲೆಕ್ಕ ನೋಡೋರು ಯಾರು? ಅವರಿಂದ ಬರೆಸಿಕೊಂಡು ಬನ್ನಿ, ಸೋಮವಾರದೊಳಗೆ. ಇಲ್ಲಾಂದ್ರೆ ಪೂರಾ ನಿಮ್ಮ ತಲೆಗೇ ಬರುತ್ತೆ."

ತೆರಿಗೆ, ದಂಡ, ಬಡ್ಡಿ. ಗಾಡಿ, ಬಾಣಲೆ, ಕಿವಿಯ ಓಲೆ ಮಾರಿದರೂ ಸಾಲುವಂತಿರಲಿಲ್ಲ.

ಲೆಕ್ಕ ನೋಡುವವನು ಷಣ್ಮುಖಪ್ಪ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ನೆಲಮಹಡಿಯಲ್ಲಿ ಅವನ ಆಫೀಸು. ಊರೆಲ್ಲ ಆಡಿಟರು ಅನ್ನುತ್ತಿತ್ತು. ಅವನು ಆಡಿಟರಲ್ಲ, ಆದರೆ ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಮೂರು ವರ್ಷದಿಂದ ಚೌಡಕ್ಕನ ರಿಟರ್ನ್ ತುಂಬುವವನು ಅವನೇ. ಶುಕ್ರವಾರ ಅವಳು ಹೋದಾಗ ಎಸಿ ಗುಂಯ್ಗುಡುತ್ತಿತ್ತು. ಮೇಜಿನ ಮೇಲೆ ಯಾವುದೋ ಗೊಬ್ಬರದ ಕಂಪನಿ ಕೊಟ್ಟ ಗಡಿಯಾರ. ಸಮಯದ ಕೆಳಗೆ ಕೋಣೆಯ ಉಷ್ಣಾಂಶವನ್ನೂ ತೋರಿಸುತ್ತಿತ್ತು: 22. ಚೌಡಕ್ಕನಿಗೆ ಚಳಿಯಾಯಿತು. ಸೆರಗು ಹೊದ್ದು ಕೂತಳು.

"ನೋಂದಣಿ ಮಾಡಿಸೋದು ವ್ಯಾಪಾರಿ ಜವಾಬ್ದಾರಿ ಕಣಮ್ಮ," ಎಂದ ಷಣ್ಮುಖಪ್ಪ. "ಕಾನೂನು ಹಂಗೇ ಐತೆ. ನಾನು ನೀವು ಕೊಟ್ಟ ಕಾಗದ ನೋಡಿ ಬರೆಯೋನು, ಅಷ್ಟೆ."

"ಕಾಗದ ನೋಡಿದ್ರಲ್ಲ?"

"ನೋಡಿದೆ."

"ನಲವತ್ತಮೂರು ಕಾಣ್ಲಿಲ್ಲೇನ್ರಿ?"

"ಕಾಣ್ತು."

"ಕಂಡ ಮೇಲೆ?"

"ಲೋನ್ ಮಾಡಿಸಿಕೊಟ್ನಲ್ಲ."

ಅದು ನಿಜ. ಹೊಸ ಗಾಡಿಗೆ ಸಾಲ ಕೊಡಿಸಿದ್ದ, ತನ್ನ ಕಮಿಷನ್ ಮೊದಲೇ ಮುರಿದುಕೊಂಡಿದ್ದ. ನಾಲ್ವರ ದುಡ್ಡಿನ ಕಥೆಯನ್ನು ಚೌಡಕ್ಕ ಅವತ್ತೇ ಹೇಳಿದ್ದಳು. "ಎಲ್ಲ ಒಂದೇ ಖಾತೆಗೆ ಬರ್ಲಿ ಬಿಡು. ಖಾತೆ ದಪ್ಪ ಕಂಡ್ರೆ ಬ್ಯಾಂಕಿನೋರಿಗೆ ಪ್ರೀತಿ ಜಾಸ್ತಿ" ಎಂದಿದ್ದ. ನೋಂದಣಿ ಎಂಬ ಮಾತು ಅವನ ಬಾಯಿಂದ ಬಿದ್ದಿರಲಿಲ್ಲ.

"ಹಳಸಿದ ಹಿಟ್ಟಲ್ಲಿ ಮಿರ್ಚಿ ಕರಿದು ಕೊಟ್ಟು, ತಿನ್ನೋದು ನಿಮ್ಮ ಜವಾಬ್ದಾರಿ ಸಾಹೇಬ್ರೆ ಅಂತ ನಾನಂದ್ರೆ?"

"ಮಾತು ಚೆನ್ನಾಗಿ ಕಲ್ತೀಯ. ನೋಡು, ಹತ್ತು ಸಾವಿರ ಕೊಡು, ಒಳಗಡೆಯಿಂದ ಏನಾದ್ರು ಮಾಡೋಣ. ಬರೆದುಕೊಡಾಕೆ ಮಾತ್ರ ಆಗಲ್ಲ. ಯಾವ ರೂಪಾಯಿ ಯಾರದ್ದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಚೌಡಕ್ಕ ಎದ್ದಳು. "ಗೊತ್ತಾಗಲ್ಲ ಅಲ್ವಾ? ಆಯ್ತು ಬಿಡ್ರಿ, ಗೊತ್ತು ಮಾಡಿಸ್ತೀವಿ."

ಶನಿವಾರ ಬೆಳಿಗ್ಗೆ ಷಣ್ಮುಖಪ್ಪ ಆಫೀಸು ತೆರೆಯುವ ಹೊತ್ತಿಗೆ ಬಾಗಿಲ ಮುಂದೆ ನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಸ್ಟೋವ್ ಉರಿಯುತ್ತಿತ್ತು. ಚೌಡಕ್ಕ ಒಳಗೆ ಹೋಗಿ ಕೂಗುವ ಡಬ್ಬಿಯನ್ನು ಗಡಿಯಾರದ ಪಕ್ಕ ಇಟ್ಟಳು. ಅದರ ಪಕ್ಕ ನಾಲ್ಕು ಡಬರಿ, ಒಂದು ಚೀಲ ಹುಣಸೆಬೀಜ.

"ಇದೇನಿದು?"

"ಲೆಕ್ಕ. ನಿಮ್ಮ ಕಸುಬೇ ಐತಲ್ಲ. ಕೂತು ಹಾಕ್ರಿ."

"ಹತ್ತು ರೂಪಾಯಿ ಬಂದಿದೆ" ಎಂದಿತು ಡಬ್ಬಿ.

"ನಂದು," ಎಂದ ಹೊರಗಿನಿಂದ ಓಬಳಪ್ಪ. "ಬೀಜ ಹಾಕ್ರಿ ಆಡಿಟ್ರೇ."

"ನಲವತ್ತು ರೂಪಾಯಿ ಬಂದಿದೆ."

"ನಂದು. ಎರಡು ಮೊಳ ಕನಕಾಂಬರ," ಎಂದಳು ನಾಗರತ್ನ. "ನಾಲ್ಕು ಬೀಜ. ಮೂರು ಹಾಕಿ ಕಮಿಷನ್ ಮುರ್ಕಾಬ್ಯಾಡ್ರಿ."

ಷಣ್ಮುಖಪ್ಪ ಬಾಗಿಲು ಹಾಕಲು ಎದ್ದ. ಹೊಸ್ತಿಲ ಮೇಲೆ ಕೆಂಚೇಶ ಬಾಳೆಗೊನೆ ಒರಗಿಸಿಕೊಂಡು ಕೂತಿದ್ದ. ಪೊಲೀಸರನ್ನು ಕರೆಯುತ್ತೇನೆ ಎಂದ ಷಣ್ಮುಖಪ್ಪ. "ಅದೋ, ಪೇದೆ ಟೀ ಕುಡೀತಾವ್ನೆ. ಕರೀಲಾ?" ಎಂದ ಓಬಳಪ್ಪ.

ಸುದ್ದಿ ಬೀದಿಗೆ ಮುಟ್ಟಿತು. ಹನ್ನೊಂದರ ಹೊತ್ತಿಗೆ ನೋಟಿಸು ಬಂದಿದ್ದ ಬೇಕರಿಯವನು ಒಳಬಂದ, ಚಪ್ಪಲಿ ಅಂಗಡಿಯವನು ಬಂದ. "ನಂದೂ ನೀವೇ ಅಲ್ವಾ ನೋಡಿದ್ದು?" ಎಂದು ಇಬ್ಬರೂ ಕೂತರು. ಕುರ್ಚಿ ಮುಗಿದವು, ನೆಲ ತುಂಬಿತು. ತೆರೆದ ಬಾಗಿಲಿನಿಂದ ಮೆಣಸಿನಕಾಯಿಯ ಘಾಟು ಒಳಗೆ ಸುತ್ತಿತು. ಎಸಿ ಏದುಸಿರು ಬಿಡುತ್ತಿತ್ತು. ಷಣ್ಮುಖಪ್ಪ ಸೀನಿದ, ಕೆಮ್ಮಿದ, ಮತ್ತೆ ಸೀನಿದ. ಕೊನೆಗೆ ಲೆಟರ್‌ಹೆಡ್ ಎಳೆದುಕೊಂಡ.

"ನಾಲ್ಕು ಜನದ ದುಡ್ಡು ಅಂತ ಬರೀತೀನಿ. ಆಯ್ತಾ?"

"ಬರೀರಿ. ಅದರ ಕೆಳಗೆ ಇನ್ನೊಂದು ಸಾಲು," ಎಂದಳು ಚೌಡಕ್ಕ. "'ನಾನು ನೋಡಿದ್ದೆ, ಹೇಳಲಿಲ್ಲ.'"

ಅವನು ತಲೆ ಎತ್ತಿದ. ಯಾರೂ ಏಳಲಿಲ್ಲ. ಮೂಗಿನ ತುದಿಯ ಬೆವರಹನಿ ಅವನ ಹೆಸರಿನ ಮೇಲೆ ಬಿತ್ತು. 'ನಾನು ನೋಡಿದ್ದೆ' ಎಂದು ಬರೆದು ಪೆನ್ನು ನಿಲ್ಲಿಸಿದ.

"ಇನ್ನೂ ಐತೆ, ಬರೀರಿ," ಎಂದಳು ಚೌಡಕ್ಕ. "ನಮಗೇನು ಅವಸರ ಇಲ್ಲ. ವ್ಯಾಪಾರ ಇಲ್ಲೇ ಚೆನ್ನಾಗಿ ಆಗ್ತೈತೆ."

"ಇಪ್ಪತ್ತು ರೂಪಾಯಿ ಬಂದಿದೆ" ಎಂದಿತು ಡಬ್ಬಿ.

"ನಂದು," ಎಂದಳು ಅವಳು.

ಷಣ್ಮುಖಪ್ಪ ಎಡಗೈಯಲ್ಲಿ ಎರಡು ಬೀಜ ಎತ್ತಿ ಡಬರಿಗೆ ಹಾಕಿದ. ಬಲಗೈ ಪೆನ್ನನ್ನು ಮತ್ತೆ ಕಾಗದಕ್ಕೆ ಊರಿತು. ಗೊಬ್ಬರದ ಕಂಪನಿಯ ಗಡಿಯಾರದಲ್ಲಿ ಕೋಣೆಯ ಉಷ್ಣಾಂಶ 33 ಡಿಗ್ರಿ ಸೆಲ್ಸಿಯಸ್.