ಅವ್ವನ ಮಣ್ಣು

ಬೆಳಗಿನಿಂದ ಕರಿಬಸಪ್ಪನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸಿಂಧನೂರಿನ ಬೀಗರು, ಲಿಂಗಸುಗೂರಿನ ತಂಗಿ, ಮಸ್ಕಿಯ ಅಡತಿ ಅಂಗಡಿಯವರು, ಎಲ್ಲರೂ ಕೇಳುವುದು ಒಂದೇ: “ಮಣ್ಣು ಎಷ್ಟೊತ್ತಿಗ್ರಿ?” ಈ ಕಡೆ ಶವಸಂಸ್ಕಾರ ಎಂದು ಯಾರೂ ಅನ್ನುವುದಿಲ್ಲ, ಮಣ್ಣು ಅಂದರೆ ಸಾಕು. ನಾಲ್ಕಕ್ಕೆ ಎಂದು ಅವನು ಎಲ್ಲರಿಗೂ ಹೇಳಿದ್ದ. ನಸುಕಿನಲ್ಲಿ ತೀರಿಕೊಂಡ ಅವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ ಕೂಡಿಸಿದ್ದರು.

ಹನ್ನೆರಡರ ಹೊತ್ತಿಗೆ ಗಾಳೆಪ್ಪ ಬಂದು ಅಂಗಳದ ಹೊರಗೆ ನಿಂತ. ಊರಿಗೆಲ್ಲ ಕುಣಿ ತೋಡುವುದು ಅವನಿಗೆ ಅಪ್ಪನಿಂದ ಬಂದ ಕೆಲಸ. ತೊಡೆಯತನಕ ಕೆಸರಾಗಿತ್ತು.

“ಗೌಡ್ರ, ಮೂರು ಕಡೆ ತೋಡಿದೆ. ಮೊಣಕಾಲುದ್ದ ಹೋಗೋದರಾಗ ನೀರು ಬರಾಕತ್ತೈತಿ.”

“ಬಂದ್ರ ಎತ್ತಿ ಚೆಲ್ಲಲೇ. ಪಂಪು ಒಯ್ಯಿ.”

“ಎಷ್ಟಂತ ಎತ್ತೋದ್ರಿ? ನೀವ ಬಂದು ನೋಡ್ರಿ.”

ಕರಿಬಸಪ್ಪ ಗೊಣಗುತ್ತಲೇ ಹೊರಟ. ರುದ್ರಭೂಮಿ ಇದ್ದದ್ದು ಅವನ ಗದ್ದೆಯ ಅಂಚಿಗೇ. ಗದ್ದೆಯ ನೀರು ಹಳ್ಳಕ್ಕೆ ಬಸಿದು ಹೋಗಲೆಂದು ಆ ಅಂಚಿನುದ್ದಕ್ಕೂ ಮೊದಲು ಒಂದು ಬಸಿಗಾಲುವೆ ಇತ್ತು. ಸುಮ್ಮನೆ ಜಾಗ ತಿನ್ನುತ್ತದೆ ಎಂದು ಹನ್ನೆರಡು ವರ್ಷದ ಹಿಂದೆ ಜೆಸಿಬಿ ತರಿಸಿ ಮುಚ್ಚಿ, ಅದರ ಮೇಲೂ ಭತ್ತ ನಾಟಿ ಮಾಡಿಸಿದ. ಹನ್ನೊಂದು ಗುಂಟೆ ಹೊಸದಾಗಿ ಹುಟ್ಟಿಸಿದೆ ಎಂದು ಬಳಗಾನೂರಿನತನಕ ಹೇಳಿಕೊಂಡು ತಿರುಗಿದ್ದ, ಪುಣ್ಯಾತ್ಮ. ಈಗ ಅಲ್ಲೆಲ್ಲ ತೆನೆ ಬಾಗಿತ್ತು.

ಮೂರನೆಯ ಕುಣಿಯೊಳಗೆ ಬಗ್ಗಿ ನೋಡಿದ. ಅಡಿಯಲ್ಲಿ ಕರಿನೀರು ನಿಂತಿತ್ತು, ಕೊಳೆತ ವಾಸನೆ ಬರುತ್ತಿತ್ತು. ಗೋಡೆಯ ಮೇಲೆ ಸವಳಿನ ಬಿಳಿ ಉಪ್ಪು ಗೆರೆ ಎಳೆದಿತ್ತು.

“ಮೊದಲ ಇಲ್ಲಿ ಆಳೆತ್ತರ ಕರಿ ಎರಿಮಣ್ಣು ಇತ್ರಿ,” ಗಾಳೆಪ್ಪ ಹೇಳಿದ. “ಬ್ಯಾಸಗ್ಯಾಗ ಬಿರುಕು ಬಿಟ್ರ ಕೈ ಇಳೀತಿತ್ತು. ಅದರ ಕೆಳಗ ಗರಸು, ಅದರ ಕೆಳಗ ಕಲ್ಲು. ಕಲ್ಲು ಕೊಳೆತು ಗರಸಾಗಿ, ಗರಸು ಕರಗಿ ಎರಿ ಆಗಾಕ ಎಷ್ಟು ತಲಿಮಾರು ಹೋಗ್ಯಾವೋ ಯಾರಿಗೆ ಗೊತ್ತು ಅಂತಿದ್ದ ನಮ್ಮಪ್ಪ. ಮಣ್ಣಾಗ ಗಾಳಿ ಆಡಬೇಕ್ರಿ, ಹುಳ ಆಡಬೇಕು. ಇದು ಉಸುರುಗಟ್ಟೈತಿ. ಹ್ವಾದ ವರ್ಷ ಒಂದು ಹಳೇ ಕುಣಿ ಬಾಯಿ ಬಿಟ್ಟಿತ್ತು. ಐದು ವರ್ಷದ ಹೆಣ, ಇನ್ನೂ ಹಂಗ ಇತ್ರಿ. ಸತ್ತವರು ಸುದ್ದಾ ಮಣ್ಣಾಗವಲ್ರು.”

ಕರಿಬಸಪ್ಪ ಮತ್ತೆ ಕುಣಿಯೊಳಗೆ ನೋಡಿದ. ಇದರೊಳಗೆ ಅವ್ವನನ್ನು ಕೂಡಿಸಬೇಕು.

“ಬ್ಯಾರೆ ಒಣಾ ಜಾಗ ಇಲ್ಲೇನು?”

“ಎಲ್ಲಿ ಉಳಿಸೀರ್ರಿ?” ಗಾಳೆಪ್ಪ ದನಿ ಏರಿಸಲಿಲ್ಲ. “ನಮ್ಮ ಸುಕನ್ಯಾನ ಕುಣಿಯಾಗೂ ಹಿಂಗ ಬಂದಿತ್ತು.”

ಕರಿಬಸಪ್ಪನಿಗೆ ನೆನಪಿತ್ತು. ಇಲ್ಲವೆಂದರೆ ಸುಳ್ಳಾದೀತು. ಗಾಳೆಪ್ಪನ ಕೇರಿಯವರ ಮಣ್ಣಿನ ಜಾಗ ಅದೇ ಅಂಚಿನ ತಗ್ಗಿನಲ್ಲಿ, ಹಳ್ಳದ ಹತ್ತಿರ. ನೀರು ಮೊದಲು ನುಂಗಿದ್ದು ಅದನ್ನೇ. ಮೂರು ವರ್ಷದ ಹಿಂದೆ ಹತ್ತೊಂಬತ್ತರ ಮಗಳು ಜ್ವರ ಬಂದು ಸತ್ತಾಗ ಗಾಳೆಪ್ಪ ಚಹಾದ ಅಂಗಡಿಯ ಮುಂದೆ ಕೈಮುಗಿದು ನಿಂತು, ಕಾಲುವೆ ಬಿಡಿಸಿ ಕೊಡಿರೆಂದು ಕೇಳಿದ್ದ. “ಸತ್ತವರಿಗೆ ನೆಗಡಿ ಆಗ್ತೈತೇನಲೇ?” ಎಂದಿದ್ದ ಕರಿಬಸಪ್ಪ. ಕೂತವರೆಲ್ಲ ನಕ್ಕಿದ್ದರು.

“ಆಮ್ಯಾಲ ಏನು ಮಾಡಿದ್ರಿ?” ಈಗ ಕೇಳಿದ. ಗಾಳೆಪ್ಪನಿಗೆ ಅವನು ಬಹುವಚನ ಹಚ್ಚಿದ್ದು ಅದೇ ಮೊದಲು.

“ತೇಲಾಕತ್ತಿದ್ಲು. ಎದಿ ಮ್ಯಾಲ ಕಲ್ಲು ಹೇರಿ ಮುಳುಗಿಸಿದ್ವಿ.”

ನಾಲ್ಕಕ್ಕೆ ಜನ ಸೇರಿತು. ಎರಡು ಪಂಪು ಹಚ್ಚಿದರೂ ನೀರು ಮೊಣಕಾಲಿಗಿಂತ ಕೆಳಗಿಳಿಯಲಿಲ್ಲ. ಅಯ್ಯನವರು ಮಂತ್ರವನ್ನು ಅವಸರವಸರವಾಗಿ ಮುಗಿಸಿದರು. ಅವ್ವನನ್ನು ಇಳಿಸಿ ಕೂಡಿಸಿದರೆ ಸೊಂಟದತನಕ ನೀರು. ಮಡಿಲಲ್ಲಿಟ್ಟ ವಿಭೂತಿ ಗಟ್ಟಿ ಕರಗಿ ಬೆಳ್ಳಗೆ ಹರಡಿತು, ಬಿಲ್ವಪತ್ರೆ ತೇಲಿತು. ಮೊದಲು ಮಣ್ಣು ಹಾಕಬೇಕಾದವನು ಮಗ. ಹಿಡಿ ಬಿಚ್ಚಿದರೆ ರಾಡಿ ಕೈಬಿಡಲೊಲ್ಲದು. ಜಾಡಿಸಿ ಎಸೆಯಬೇಕಾಯಿತು, ಹೆತ್ತವಳ ಮೇಲೆ ರಾಡಿ ಎಸೆದಂತೆ. ತಂಗಿ ಮುಖ ತಿರುಗಿಸಿಕೊಂಡು ಗೋಳೋ ಎಂದು ಅತ್ತಳು. ಬಂದವರು ಅವನ ಗದ್ದೆಯ ನೀರಲ್ಲೇ ಕೈ ತೊಳೆದುಕೊಂಡು, ಅವನ ಕಣ್ಣು ತಪ್ಪಿಸಿ ಹೊರಟರು.

ಎಲ್ಲರೂ ಹೋದ ಮೇಲೆ ಕರಿಬಸಪ್ಪ ಗಾಳೆಪ್ಪನ ಸಲಿಕೆ ಎತ್ತಿಕೊಂಡ. ಅವ್ವನ ಕುಣಿಯ ಪಕ್ಕ, ಕಾಲುವೆ ಇದ್ದ ಜಾಗದಲ್ಲಿ ತೆನೆಯ ಸಮೇತ ಭತ್ತ ಕಿತ್ತೆಸೆದು ಅಗೆಯತೊಡಗಿದ.

“ಮ್ಯಾಲಿಂದ ತೋಡಿದ್ರ ನೀರು ಎಲ್ಲಿಗೆ ಹೋಗ್ತೈತ್ರಿ?” ಎಂದ ಗಾಳೆಪ್ಪ. “ಇಲ್ಲೇ ನಿಂತು ಕುಣಿಗೇ ತಿರುಗ್ತೈತಿ. ಬಸಿಗಾಲುವಿ ಕೆಳಗಿಂದ ತೋಡಬೇಕು. ಹಳ್ಳದ ಕಡಿಂದ.”

ಹಳ್ಳದ ಕಡೆ ಅಂದರೆ ಗಾಳೆಪ್ಪನ ಕೇರಿಯವರ ಮಣ್ಣಿನ ಜಾಗ. ಕರಿಬಸಪ್ಪ ಐವತ್ತು ವರ್ಷದಲ್ಲಿ ಅಲ್ಲಿ ಕಾಲಿಟ್ಟವನಲ್ಲ. ಅವ್ವನ ಕುಣಿಯನ್ನೊಮ್ಮೆ ನೋಡಿದ. ಅವಳ ಪಾಲಿಗೆ ತಡವಾಗಿತ್ತು.

“ಸುಕನ್ಯಾನ ಮಣ್ಣು ಎಲ್ಲೈತಿ?”

ಗಾಳೆಪ್ಪ ತಗ್ಗಿನಲ್ಲಿ ಜಾಲಿ ಕಂಟಿಯ ಬುಡ ತೋರಿಸಿದ.

ಕರಿಬಸಪ್ಪ ಇಳಿದು ಹೋಗಿ ಅಲ್ಲಿಂದ ಶುರುಮಾಡಿದ. ಗಾಳೆಪ್ಪ ಸಲಿಕೆಗೆ ಕೈಚಾಚಲಿಲ್ಲ, ನಾ ಮಾಡ್ತೀನಿ ಬಿಡ್ರಿ ಎನ್ನಲೂ ಇಲ್ಲ. ಗೌಡನ ಎದುರಿಗೇ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಗಂಟೆಯೊಂದು ಕಳೆದು ಕರಿಬಸಪ್ಪ ಸೊಂಟ ಹಿಡಿದುಕೊಂಡು ನಿಂತಾಗ, ತೋಡಿದ್ದನ್ನು ಗಾಳೆಪ್ಪ ಕಣ್ಣಲ್ಲೇ ಅಳೆದ.

“ಇನ್ನೂ ಆಳ ಹೋಗಬೇಕ್ರಿ,” ಎಂದ.